ಜನ ಸೇರಿಸುವ ವ್ಯಾಪಾರ

ನಮ್ಮ ನಾಡಿನ ಪಟ್ಟಣಗಳಲ್ಲಿಯೂ, ಈಚೆಗೆ ದೊಡ್ಡ ಹಳ್ಳಿಗಳಲ್ಲಿಯೂ, ಒಂದು ವಿಚಿತ್ರವಾದ ಉದ್ಯೋಗವು ಹಬ್ಬಿಕೊಂಡಿದೆ. ಅದಕ್ಕೆ ಅಂಗಡಿ ಬೇಡ, ತಕ್ಕಡಿ ಬೇಡ, ನಿಜವಾಗಿ ನೋಡಿದರೆ ಗಿರಾಕಿಯೂ ಬೇಡ. ಪರಿಚಯದ ಜನರಿದ್ದರೆ ಸಾಕು. ಇಂಗ್ಲಿಷ್ ಬಲ್ಲವರು ಅದನ್ನು ನೆಟ್‌ವರ್ಕ್ ಮಾರ್ಕೆಟಿಂಗ್ ಎನ್ನುತ್ತಾರೆ, ಎಂ.ಎಲ್.ಎಂ. ಎನ್ನುತ್ತಾರೆ, ಜನಸಾಮಾನ್ಯರು ಚೈನ್ ಲಿಂಕ್ ಎಂದು ಕರೆಯುತ್ತಾರೆ. ಜನಸಾಮಾನ್ಯರು ಇಟ್ಟ ಹೆಸರೇ ಹೆಚ್ಚು ಸಾರ್ಥಕವಾದುದೆಂದು ನಮಗೆ ತೋರುತ್ತದೆ. ಒಂದು ಕೊಂಡಿಯು ಇನ್ನೊಂದು ಕೊಂಡಿಯನ್ನು ಹಿಡಿದುಕೊಳ್ಳದ ಹೊರತು ಸರಪಳಿಯು ಬೆಳೆಯಲಾರದು. ಈ ವ್ಯಾಪಾರದಲ್ಲಿ ಮಾರುವ ಸರಕಿನ ಗುಣದೋಷಗಳನ್ನು ಕುರಿತು ಬರೆಯುವುದು ನಮ್ಮ ಉದ್ದೇಶವಲ್ಲ. ಅದರೊಳಕ್ಕೆ ಜನರನ್ನು ಸೇರಿಸುವ ಬಗೆಯನ್ನೂ, ಹಾಗೆ ಸೇರಿದವರ ಗತಿಯನ್ನೂ ಕುರಿತು ನಮ್ಮ ವಾಚಕರ ಮುಂದೆ ನಾಲ್ಕು ಮಾತುಗಳನ್ನು ಇಡುವುದು ಕರ್ತವ್ಯವೆಂದು ಭಾವಿಸುತ್ತೇವೆ.

ಸೇರಿಸುವ ಕ್ರಮವು ಎಲ್ಲೆಡೆಯೂ ಹೆಚ್ಚು ಕಡಿಮೆ ಒಂದೇ. ಹೊಸದಾಗಿ ಸೇರಿದವನ ಕೈಗೆ ಮೊದಲು ಒಂದು ಕಾಗದವನ್ನು ಕೊಟ್ಟು, ತಾನು ಬಲ್ಲ ನೂರು ಜನರ ಹೆಸರುಗಳನ್ನು ಬರೆಯೆಂದು ಹೇಳುತ್ತಾರೆ. ಅಣ್ಣತಮ್ಮಂದಿರು, ಸೋದರಮಾವ, ಷಡ್ಡಕ, ಶಾಲೆಯ ಗೆಳೆಯ, ಹಾಲು ಹಾಕುವವನು, ಮಗುವಿಗೆ ಪಾಠ ಹೇಳುವ ಮಾಸ್ತರರು, ಹೀಗೆ ಒಬ್ಬ ಮನುಷ್ಯನು ಹುಟ್ಟಿದಂದಿನಿಂದ ಗಳಿಸಿದ ಬಾಂಧವ್ಯವೆಲ್ಲವೂ ಆ ಕಾಗದದ ಮೇಲೆ ಇಳಿಯುತ್ತದೆ. ಅನಂತರ ಒಬ್ಬೊಬ್ಬರಿಗೂ ಫೋನು ಹೋಗುತ್ತದೆ. ‘ಒಂದು ಒಳ್ಳೆಯ ಅವಕಾಶ ಬಂದಿದೆ, ಭಾನುವಾರ ಬಾ, ಫೋನಿನಲ್ಲಿ ಹೇಳುವಂಥದಲ್ಲ’ ಎಂಬುದೇ ಅದರ ಒಕ್ಕಣೆ. ಕಂಪನಿಯ ಹೆಸರನ್ನು ಕೇಳಿದರೆ ಹೇಳುವುದಿಲ್ಲ. ಕೆಲಸವೇನೆಂದು ಕೇಳಿದರೂ ಹೇಳುವುದಿಲ್ಲ. ಪ್ರಾಮಾಣಿಕವಾದ ಯಾವ ವ್ಯಾಪಾರವು ತನ್ನ ಹೆಸರನ್ನು ಬಾಗಿಲಲ್ಲಿಯೇ ಮರೆಮಾಡುತ್ತದೆಂಬುದನ್ನು ಕರೆಸಿಕೊಂಡವರು ಆಗಲೇ ಯೋಚಿಸಬೇಕು. ಆದರೆ ಕರೆಯುವವನು ಅನ್ಯನಲ್ಲ. ದಾಕ್ಷಿಣ್ಯವು ವಿವೇಕವನ್ನು ಹಿಂದಕ್ಕೆ ತಳ್ಳುತ್ತದೆ.

ಸಭೆಯು ಹೋಟೆಲಿನ ಹಾಲಿನಲ್ಲಿಯೋ ಕಲ್ಯಾಣಮಂಟಪದಲ್ಲಿಯೋ ನಡೆಯುತ್ತದೆ. ಕೋಟು ಟೈ ಧರಿಸಿದ ತರುಣನೊಬ್ಬನು ವೇದಿಕೆಯ ಮೇಲೆ ನಿಂತು, ‘ನಿನ್ನ ತಂದೆ ಮೂವತ್ತು ವರ್ಷ ದುಡಿದು ಏನು ಕಂಡ? ನೀನೂ ಹಾಗೆಯೇ ಸಾಯುವೆಯಾ?’ ಎಂದು ಕೇಳುತ್ತಾನೆ. ಪರದೆಯ ಮೇಲೆ ಮೋಟಾರು ಗಾಡಿಗಳೂ ಮಹಡಿ ಮನೆಗಳೂ ವಿದೇಶ ಪ್ರವಾಸಗಳೂ ಮಿಂಚುತ್ತವೆ. ಚಪ್ಪಾಳೆಯ ಸದ್ದಿನಲ್ಲಿ ಲೆಕ್ಕ ಕೇಳುವವನ ದನಿಯು ಅಡಗಿಹೋಗುತ್ತದೆ. ಅವನು ಬಾಯಿ ತೆರೆದರೂ ‘ಸಂಶಯಾತ್ಮ’ನೆಂಬ ಹೆಸರನ್ನು ಹೊರಬೇಕಾಗುತ್ತದೆ. ಮನೆಗೆ ಬಂದ ತರುಣನು ತಾಯಿಯ ಬಳೆಯನ್ನು ಒತ್ತೆಯಿಟ್ಟೋ ಬಡ್ಡಿಗೆ ಸಾಲ ತಂದೋ ಒಂದು ಪೆಟ್ಟಿಗೆ ಸಾಮಾನನ್ನು ಕೊಳ್ಳುತ್ತಾನೆ. ಅಂದಿನಿಂದ ಅವನಿಗೂ ಒಂದು ಕಾಗದ, ಅವನಿಗೂ ನೂರು ಹೆಸರು.

ಈ ಪದ್ಧತಿಯು ನಮ್ಮ ನೆಲದಲ್ಲಿ ಹುಟ್ಟಿದುದಲ್ಲ. ಅಮೆರಿಕದಲ್ಲಿ ನ್ಯೂಟ್ರಿಲೈಟ್ ಎಂಬ ಪೋಷಕ ಮಾತ್ರೆಗಳನ್ನು ಮಾರುವುದಕ್ಕಾಗಿ ೧೯೪೫ರಲ್ಲಿ ಒಂದು ಯೋಜನೆಯನ್ನು ಹೂಡಿದರು. ತಾನು ಮಾರಿದುದಕ್ಕೆ ಮಾತ್ರವಲ್ಲದೆ, ತಾನು ಸೇರಿಸಿದವರು ಮಾರಿದುದಕ್ಕೂ ಕಮಿಷನ್ ದೊರೆಯುವಂತೆ ಅದರಲ್ಲಿ ಏರ್ಪಾಡಿತ್ತು. ಆ ಮಾತ್ರೆಗಳನ್ನು ಮಾರುತ್ತಿದ್ದ ಇಬ್ಬರು ಸ್ನೇಹಿತರು ೧೯೫೯ರಲ್ಲಿ ಆಮ್ವೇ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅದು ೧೯೯೮ರಲ್ಲಿ ನಮ್ಮ ದೇಶದಲ್ಲಿ ವ್ಯಾಪಾರವನ್ನಾರಂಭಿಸಿತು. ಅದರ ಹಿಂದೆ ಮುಂದೆ ಬಂದ ಕಂಪನಿಗಳು ಅನೇಕ. ಕೆಲವು ಸಾಬೂನು ಮಾರಿದವು, ಕೆಲವು ಔಷಧಿ ಮಾರಿದವು, ಕೆಲವು ಏನನ್ನೂ ಮಾರದೆ ಬರಿಯ ಆಶೆಯನ್ನೇ ಮಾರಿದವು.

ಇರಲಿ, ಲೆಕ್ಕವನ್ನು ನೋಡೋಣ. ಇದಕ್ಕೆ ಪ್ರಾಥಮಿಕ ಶಾಲೆಯ ಗಣಿತವೇ ಸಾಕು. ಒಬ್ಬನು ಆರು ಜನರನ್ನು ಸೇರಿಸಬೇಕು, ಆ ಆರು ಜನರಲ್ಲಿ ಪ್ರತಿಯೊಬ್ಬರೂ ಮತ್ತೆ ಆರಾರು ಜನರನ್ನು ಸೇರಿಸಬೇಕು ಎಂದಿಟ್ಟುಕೊಳ್ಳೋಣ. ಮೊದಲ ಮೆಟ್ಟಿಲಿನಲ್ಲಿ ೬, ಎರಡನೆಯದರಲ್ಲಿ ೩೬, ಮೂರನೆಯದರಲ್ಲಿ ೨೧೬, ನಾಲ್ಕನೆಯದರಲ್ಲಿ ೧,೨೯೬. ಇಲ್ಲಿಯವರೆಗೆ ಎಲ್ಲವೂ ಸುಂದರವಾಗಿಯೇ ಕಾಣುತ್ತದೆ. ವೇದಿಕೆಯ ಮೇಲಿನ ತರುಣನೂ ಬಹುಶಃ ಇಲ್ಲಿಗೇ ಸೀಮೆಸುಣ್ಣವನ್ನು ಕೆಳಗಿಡುತ್ತಾನೆ. ಮುಂದುವರಿಸಿದರೆ ಹತ್ತನೆಯ ಮೆಟ್ಟಿಲೊಂದರಲ್ಲಿಯೇ ೬ ಕೋಟಿ ೪ ಲಕ್ಷ ಜನ ಬೇಕಾಗುತ್ತಾರೆ. ಮೇಲಿನವರನ್ನೂ ಕೂಡಿಸಿದರೆ ೭ ಕೋಟಿ ೨೫ ಲಕ್ಷವನ್ನು ಮೀರುತ್ತದೆ. ೨೦೧೧ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆಯು ೬ ಕೋಟಿ ೧೧ ಲಕ್ಷವಿತ್ತು. ತೊಟ್ಟಿಲಿನ ಕೂಸನ್ನೂ ಹಾಸಿಗೆ ಹಿಡಿದ ಮುದುಕನನ್ನೂ ಸೇರಿಸಿಕೊಂಡರೂ ನಮ್ಮ ರಾಜ್ಯವು ಹತ್ತು ಮೆಟ್ಟಿಲಿಗೆ ಸಾಲದು. ಹದಿಮೂರನೆಯ ಮೆಟ್ಟಿಲಿಗೆ ೧,೩೦೦ ಕೋಟಿಗೂ ಮೇಲ್ಪಟ್ಟು ಜನ ಬೇಕು. ಭೂಮಂಡಲದಲ್ಲಿ ಇರುವವರು ೮೦೦ ಕೋಟಿಗಿಂತ ಸ್ವಲ್ಪ ಹೆಚ್ಚು.

‘ಅಷ್ಟು ದೂರ ಹೋಗುವುದೇತಕ್ಕೆ? ನಾವು ಅಷ್ಟರೊಳಗೆ ಗಳಿಸಿ ಬಿಡುತ್ತೇವೆ’ ಎಂದು ಕೆಲವರು ಹೇಳುವುದುಂಟು. ಅವರಿಗೆ ಇನ್ನೊಂದು ಲೆಕ್ಕವನ್ನು ತೋರಿಸಬೇಕಾಗಿದೆ. ಈ ಏಣಿಯು ಯಾವ ದಿನ, ಎಷ್ಟನೆಯ ಮೆಟ್ಟಿಲಿನಲ್ಲಿ ನಿಂತರೂ ಸರಿಯೆ, ಒಟ್ಟು ಸೇರಿದ ನೂರು ಜನರಲ್ಲಿ ಸುಮಾರು ೮೩ ಜನರು ಕೊನೆಯ ಮೆಟ್ಟಿಲಿನಲ್ಲಿಯೇ ಇರುತ್ತಾರೆ. ಅವರ ಕೆಳಗೆ ಒಬ್ಬನೂ ಇರುವುದಿಲ್ಲ. ಕೊನೆಯ ಎರಡು ಮೆಟ್ಟಿಲುಗಳನ್ನು ಕೂಡಿಸಿದರೆ ನೂರಕ್ಕೆ ೯೭. ಇದು ಯಾರ ಆಲಸ್ಯದ ಫಲವೂ ಅಲ್ಲ. ಯೋಜನೆಯ ರಚನೆಯೇ ಹಾಗಿದೆ. ನೂರು ಜನರೂ ಹಗಲಿರುಳು ದುಡಿದರೂ ೮೩ ಜನರು ಕೆಳಗೇ ಇರಬೇಕು. ಇಲ್ಲದಿದ್ದರೆ ಮೇಲಿನವರಿಗೆ ‘ಮೇಲು’ ಎಂಬುದೇ ಇರಲಾರದು. ಆದುದರಿಂದ ಸೋತವನಿಗೆ ‘ನಿನ್ನ ಪ್ರಯತ್ನ ಸಾಲದು’ ಎಂದು ಹೇಳುವುದು ಸುಳ್ಳು ಮಾತ್ರವಲ್ಲ, ಕ್ರೌರ್ಯವೂ ಹೌದು. ದುಡ್ಡನ್ನು ಕಳೆದುಕೊಂಡವನು ಅದರ ಜೊತೆಗೆ ತನ್ನ ಮೇಲಣ ನಂಬಿಕೆಯನ್ನೂ ಕಳೆದುಕೊಳ್ಳುವಂತೆ ಮಾಡುವ ಉಪಾಯವಿದು.

ಸರಕು ನಿಜವಾಗಿ ಇದೆಯಲ್ಲ, ಮಾರಾಟದ ಲಾಭವೂ ಇದೆಯಲ್ಲ ಎಂಬುದು ಮುಂದಿನ ಆಕ್ಷೇಪ. ಮನೆ ಮನೆಗೆ ಹೋಗಿ ಒಳ್ಳೆಯ ಸರಕನ್ನು ನ್ಯಾಯವಾದ ಬೆಲೆಗೆ ಮಾರುವುದು ಗೌರವದ ಕೆಲಸವೇ; ಬಳೆಗಾರರೂ ಸೀರೆಯ ಗಂಟಿನವರೂ ನಮ್ಮ ಊರುಗಳಲ್ಲಿ ತಲೆಮಾರುಗಳಿಂದ ಅದನ್ನು ಮಾಡಿಕೊಂಡು ಬಂದಿದ್ದಾರೆ. ಆದರೆ ಬಳೆಗಾರನು ಬಳೆ ತೊಟ್ಟವಳನ್ನು ಬಳೆಗಾರ್ತಿಯಾಗೆಂದು ಪೀಡಿಸಲಿಲ್ಲ. ಪರೀಕ್ಷೆಯಿರುವುದು ಇಲ್ಲಿಯೇ: ಸರಕನ್ನು ಕೊಳ್ಳುವವನು ಅದು ಬೇಕೆಂದು ಕೊಳ್ಳುತ್ತಾನೆಯೋ, ಕಮಿಷನ್ನಿಗೆ ಅರ್ಹನಾಗಬೇಕೆಂದು ಕೊಳ್ಳುತ್ತಾನೆಯೋ? ಎರಡನೆಯದಾದರೆ ಸರಕು ಬರಿಯ ನೆಪ. ನಿಜವಾಗಿ ಮಾರಾಟವಾಗುತ್ತಿರುವವನು ಮನುಷ್ಯ.

ಈ ವ್ಯಾಪಾರದ ತವರುಮನೆಯಾದ ಅಮೆರಿಕದ ಅನುಭವವನ್ನು ನೋಡಬಹುದು. ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ ಎಂಬ ಸರಕಾರಿ ಸಂಸ್ಥೆಯು ೧೯೭೯ರಲ್ಲಿ ಆಮ್ವೇ ಯೋಜನೆಯು ಅಕ್ರಮವಾದ ಪಿರಮಿಡ್ ಅಲ್ಲವೆಂದು ತೀರ್ಮಾನಿಸಿತು. ನ್ಯಾಯವಾಗಿ ಅದನ್ನೂ ಹೇಳಬೇಕು. ಆದರೆ ಅದೇ ಸಂಸ್ಥೆಯು ೨೦೧೬ರಲ್ಲಿ ಹರ್ಬಲೈಫ್ ಕಂಪನಿಯ ಮೇಲೆ ಮೊಕದ್ದಮೆ ಹೂಡಿದಾಗ, ಆ ಕಂಪನಿಯು ೨೦ ಕೋಟಿ ಡಾಲರುಗಳನ್ನು ತೆತ್ತು, ತನ್ನ ಕಮಿಷನ್ ಪದ್ಧತಿಯನ್ನು ಬದಲಾಯಿಸಲು ಒಪ್ಪಿ ರಾಜಿ ಮಾಡಿಕೊಂಡಿತು. ೨೦೨೪ರಲ್ಲಿ ಅದೇ ಸಂಸ್ಥೆಯ ಅಧಿಕಾರಿಗಳು ೭೦ ಕಂಪನಿಗಳು ತಾವಾಗಿ ಪ್ರಕಟಿಸಿದ ಆದಾಯದ ವಿವರಗಳನ್ನು ಪರಿಶೀಲಿಸಿ, ಸೇರಿದವರಲ್ಲಿ ಬಹುಮಂದಿಗೆ ವರ್ಷಕ್ಕೆ ೧,೦೦೦ ಡಾಲರೋ ಅದಕ್ಕೂ ಕಡಿಮೆಯೋ ದೊರೆಯುತ್ತದೆಂದು ವರದಿ ಮಾಡಿದರು. ಅದೂ ಖರ್ಚನ್ನು ಕಳೆಯದ ಮೊದಲಿನ ಮೊತ್ತ. ಕಂಪನಿಗಳ ಬಾಯಿಂದಲೇ ಬಂದ ಲೆಕ್ಕವು ಹೀಗಿರುವಾಗ ವೇದಿಕೆಯ ಮೇಲಿನ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ವಾಚಕರೇ ನಿರ್ಣಯಿಸಲಿ.

ಇನ್ನು ನಮ್ಮ ದೇಶದ ಕಾಯದೆಯ ವಿಷಯ. ಬಹುಮಾನದ ಚೀಟಿಗಳನ್ನೂ ಹಣ ಚಲಾವಣೆಯ ಯೋಜನೆಗಳನ್ನೂ ನಿಷೇಧಿಸುವ ಕಾಯದೆಯು ೧೯೭೮ರಲ್ಲಿಯೇ ಬಂದಿತು. ಹೊಸ ಸದಸ್ಯರ ಸೇರ್ಪಡೆಯನ್ನು ಅವಲಂಬಿಸಿ ಸುಲಭವಾಗಿ ಹಣ ಬರುವುದೆಂದು ಆಶೆ ತೋರಿಸುವ ಯೋಜನೆಗಳು ಅದರ ವ್ಯಾಪ್ತಿಯೊಳಗೆ ಬರುತ್ತವೆ. ಅಂಥ ಯೋಜನೆಯನ್ನು ನಡೆಸಿದವನಿಗೆ ಮಾತ್ರವಲ್ಲ, ಅದಕ್ಕೆ ಸದಸ್ಯನಾದವನಿಗೂ ಭಾಗವಹಿಸಿದವನಿಗೂ ಆ ನಿಷೇಧವು ಅನ್ವಯಿಸುತ್ತದೆ. ಶಿಕ್ಷೆಯು ಮೂರು ವರ್ಷಗಳವರೆಗೆ ಸೆರೆವಾಸ ಅಥವಾ ಐದು ಸಾವಿರ ರೂಪಾಯಿಗಳವರೆಗೆ ದಂಡ ಅಥವಾ ಎರಡೂ ಆಗಬಹುದು. ೨೦೦೭ರಲ್ಲಿ ಆಂಧ್ರಪ್ರದೇಶದ ಹೈಕೋರ್ಟು ಆಮ್ವೇ ಯೋಜನೆಯು ಈ ಕಾಯದೆಯ ವ್ಯಾಖ್ಯೆಯೊಳಗೆ ಬರುತ್ತದೆಂದು ಅಭಿಪ್ರಾಯಪಟ್ಟಿತು. ೨೦೨೨ರಲ್ಲಿ ಜಾರಿ ನಿರ್ದೇಶನಾಲಯವು ಅದೇ ಕಂಪನಿಯ ೭೫೭ ಕೋಟಿ ರೂಪಾಯಿಗಳಿಗೂ ಮೇಲ್ಪಟ್ಟ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡಿತು. ಕಂಪನಿಯಾದರೋ ತಾನು ಕಾನೂನಿಗೆ ಬದ್ಧವಾಗಿಯೇ ನಡೆದಿರುವುದಾಗಿ ಹೇಳುತ್ತ ಬಂದಿದೆ. ೨೦೨೧ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು ನೇರ ಮಾರಾಟದ ನಿಯಮಗಳನ್ನು ಹೊರಡಿಸಿತು. ಅವುಗಳ ಪ್ರಕಾರ ಸೇರುವವರಿಂದ ಪ್ರವೇಶಧನವನ್ನು ತೆಗೆದುಕೊಳ್ಳುವಂತಿಲ್ಲ. ಮಾರಲು ಸಾಧ್ಯವಾಗುವುದಕ್ಕಿಂತ ಹೆಚ್ಚು ಸರಕನ್ನು ಅವರ ತಲೆಗೆ ಕಟ್ಟುವಂತಿಲ್ಲ. ನೇರ ಮಾರಾಟದ ಸೋಗಿನಲ್ಲಿ ಪಿರಮಿಡ್ ಯೋಜನೆಗೆ ಯಾರನ್ನೂ ಸೇರಿಸುವಂತಿಲ್ಲ.

ಕಾಯದೆಯಿದ್ದೂ ದೂರುಗಳು ಏಕೆ ಹೆಚ್ಚಾಗಿ ಬರುವುದಿಲ್ಲವೆಂದು ಕೇಳಬಹುದು. ಬೀದಿಯಲ್ಲಿ ಜೇಬು ಕತ್ತರಿಸಿಕೊಂಡವನು ಕೂಗಿಕೊಳ್ಳುತ್ತಾನೆ. ಇಲ್ಲಿ ಮೋಸಹೋದವನು ಕೂಗಿಕೊಳ್ಳಲಾರ. ಅವನನ್ನು ಸೇರಿಸಿದವನು ಅವನ ಭಾವಮೈದುನ. ಅವನು ಸೇರಿಸಿದವನು ಅವನ ಚಿಕ್ಕಪ್ಪನ ಮಗ. ಪೊಲೀಸು ಠಾಣೆಯ ಮೆಟ್ಟಿಲು ಹತ್ತಿದರೆ ಒಂದು ಕಡೆಗೆ ಅಕ್ಕನ ಸಂಸಾರವು ಕೆಡುತ್ತದೆ, ಇನ್ನೊಂದು ಕಡೆಗೆ ತಾನೇ ಅಪರಾಧಿಯಾಗುತ್ತಾನೆ. ಹೀಗೆ ನೊಂದವನನ್ನೇ ತಪ್ಪಿತಸ್ಥನನ್ನಾಗಿ ಮಾಡಿ ಅವನ ಬಾಯಿಗೆ ಬೀಗ ಹಾಕುವುದೇ ಈ ವ್ಯಾಪಾರದ ಅತ್ಯಂತ ದೊಡ್ಡ ರಕ್ಷಣೆ. ಹೋದ ಹಣವನ್ನು ದುಡಿದು ಮರಳಿ ಪಡೆಯಬಹುದು. ಆದರೆ ಮದುವೆಯ ಮನೆಯಲ್ಲಿ ಎದುರಾದಾಗ ಮುಖ ತಪ್ಪಿಸಿಕೊಂಡು ಹೋಗುವ ಬಂಧುಗಳನ್ನು ಮರಳಿ ಪಡೆಯುವುದು ಹೇಗೆ? ಕಷ್ಟಕಾಲದಲ್ಲಿ ಕೈಗಡ ಕೊಡುವವರು, ಆಸ್ಪತ್ರೆಯಲ್ಲಿ ರಾತ್ರಿ ಕುಳಿತುಕೊಳ್ಳುವವರು ಇವರೇ ಅಲ್ಲವೆ? ಬಡವನಿಗೆ ಬ್ಯಾಂಕಿನಲ್ಲಿ ಇಡುಗಂಟು ಇರುವುದಿಲ್ಲ. ಜನರ ವಿಶ್ವಾಸವೇ ಅವನ ಇಡುಗಂಟು. ಸರಪಳಿ ವ್ಯಾಪಾರವು ಕರಗಿಸುವುದು ಅದನ್ನು.

ಜನರನ್ನು ಕೂಡಿಸುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿಯೇ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಅದು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾಯಿತು. ಅಲ್ಲಿಯೂ ನೆರೆಯವನನ್ನು ನೆರೆಯವನೇ ಕರೆದನು. ಅಲ್ಲಿಯೂ ವಿಶ್ವಾಸವೇ ಬಂಡವಾಳ. ಭೇದವೇನೆಂದರೆ, ಸಹಕಾರ ಸಂಘದಲ್ಲಿ ಕೊನೆಗೆ ಬಂದ ಸದಸ್ಯನಿಗೂ ಮೊದಲು ಬಂದವನಿಗೂ ಒಂದೊಂದೇ ಮತ. ಹೊಸಬನು ಬಂದರೆ ಎಲ್ಲರ ಬಲವೂ ಹೆಚ್ಚುತ್ತದೆ. ಸರಪಳಿಯಲ್ಲಿಯಾದರೋ ಹೊಸಬನ ನಷ್ಟವೇ ಹಳಬನ ಲಾಭ. ಸ್ವರಾಜ್ಯದ ಕಾಲದಲ್ಲಿ ನಮ್ಮ ಹಿರಿಯರು ಕಲಿಸಿದ ಸಂಘಜೀವನಕ್ಕೂ ಈ ಏಣಿಗೂ ಇರುವ ಅಂತರವಿದು.

ತರುಣರನ್ನು ಮಾತ್ರ ನಿಂದಿಸಿ ಸುಮ್ಮನಾಗುವುದು ನ್ಯಾಯವಲ್ಲ. ಪದವಿಯನ್ನು ಪಡೆದೂ ನೌಕರಿ ಕಾಣದವನಿಗೆ, ಮನೆಯಿಂದ ಹೊರಗೆ ಹೋಗಿ ದುಡಿಯುವ ಅನುಕೂಲವಿಲ್ಲದ ಗೃಹಿಣಿಗೆ, ‘ನೀನೂ ಏನಾದರೂ ಆಗಬಲ್ಲೆ’ ಎಂದು ಹೇಳುವವರು ಬೇರಾರೂ ಇಲ್ಲದಿರುವಾಗ, ಈ ಸಭೆಗಳ ಮಾತು ಅಮೃತದಂತೆ ಕೇಳಿಸುವುದು ಸಹಜ. ಅವರಿಗೆ ಕೆಲಸವನ್ನೂ ಕಸುಬಿನ ಶಿಕ್ಷಣವನ್ನೂ ಒದಗಿಸಬೇಕಾದುದು ಸರಕಾರದ ಹೊಣೆ. ಸಭೆ ನಡೆದ ಮೇಲೆ ಪಂಗನಾಮದ ಲೆಕ್ಕ ಬರೆಯುವುದಕ್ಕಿಂತ, ಸಭೆಗೆ ಮುಂಚೆಯೇ ಯೋಜನೆಯ ಕಾಗದಪತ್ರಗಳನ್ನು ಕೇಳಿ ನೋಡುವುದು ಪೊಲೀಸರ ಹೊಣೆ. ಇಂಥ ವೇದಿಕೆಗಳ ಮೇಲೆ ಕುಳಿತು ಹಾರ ಹಾಕಿಸಿಕೊಳ್ಳುವ ಗಣ್ಯರೂ ಚಿತ್ರನಟರೂ ತಮ್ಮ ಮುಖವನ್ನು ಯಾತಕ್ಕೆ ಅಡವಿಡುತ್ತಿದ್ದೇವೆಂದು ವಿಚಾರಿಸಿಕೊಳ್ಳಬೇಕು. ಜಾಹೀರಾತಿನ ಹಣಕ್ಕಾಗಿ ಕಣ್ಣು ಮುಚ್ಚಿಕೊಳ್ಳುವ ಹಕ್ಕು ಪತ್ರಿಕೆಗಳಿಗೂ ಇಲ್ಲ.

ಕೊನೆಗೆ, ಭಾನುವಾರದ ಸಭೆಗೆ ಕರೆ ಬಂದಿರುವ ತರುಣ ಮಿತ್ರರಿಗೆ ನಮ್ಮದೊಂದು ಸೂಚನೆ. ಕರೆದವನನ್ನು ಅವಮಾನಿಸಬೇಡಿರಿ, ಅವನೂ ಬಹುಶಃ ಸಾಲದಲ್ಲಿಯೇ ಇದ್ದಾನೆ. ಅವನನ್ನು ಕುಳ್ಳಿರಿಸಿ ಮೂರು ಪ್ರಶ್ನೆಗಳನ್ನು ಕೇಳಿರಿ. ಹೊಸಬರನ್ನು ಒಬ್ಬರನ್ನೂ ಸೇರಿಸದೆ, ಸರಕನ್ನು ಮಾತ್ರ ಮಾರಿ ನಾನು ಜೀವಿಸಬಹುದೇ? ಸದಸ್ಯನಲ್ಲದ ಗಿರಾಕಿಯು ಈ ಬೆಲೆಗೆ ಈ ಸರಕನ್ನು ಎರಡನೆಯ ಸಲ ಕೊಂಡಿದ್ದಾನೆಯೇ? ಕಳೆದ ವರ್ಷ ನಿನ್ನ ಕೈಗೆ ಬಂದುದೆಷ್ಟು, ಕೈಬಿಟ್ಟುದೆಷ್ಟು? ಉತ್ತರವು ಕಾಗದದ ಮೇಲೆ ಬರದಿದ್ದರೆ ಹಣ ಕೊಡಬೇಡಿರಿ. ಈಗಾಗಲೇ ಕೊಟ್ಟಿದ್ದರೆ, ಹೋದುದನ್ನು ಪಡೆಯುವ ಆಶೆಯಿಂದ ಇನ್ನೊಬ್ಬನನ್ನು ಎಳೆಯಬೇಡಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ೧೯೧೫ ಸಂಖ್ಯೆಗೆ ತಿಳಿಸಿರಿ. ಸರಪಳಿಯನ್ನು ಮುರಿಯುವುದಕ್ಕೆ ಸುತ್ತಿಗೆಯೇನೂ ಬೇಕಾಗಿಲ್ಲ. ಒಂದು ಕೊಂಡಿಯು ಮುಂದಿನ ಕೊಂಡಿಯನ್ನು ಹಿಡಿಯೆನೆಂದರೆ ಅದು ಅಲ್ಲಿಗೇ ನಿಲ್ಲುತ್ತದೆ. ಅಷ್ಟು ಧೈರ್ಯವು ನಮ್ಮ ನಾಡಿನ ತರುಣರಲ್ಲಿ ಇದೆಯೆಂದು ನಾವು ನಂಬಿದ್ದೇವೆ.