ಸಂಕೇತವೂ ನಿದಾನವೂ

ಕಳೆದ ಮಳೆಗಾಲದ ಒಂದು ಸಂಜೆ ಸುಳ್ಯದಿಂದ ಆಲೆಟ್ಟಿಗೆ ಮರಳುತ್ತಿದ್ದೆ. ಜಡಿಮಳೆಯ ನಡುವೆ ಕಾರಿನ ವೈಪರು ನಿಂತಿತು, ದೀಪಗಳು ಮಿನುಗತೊಡಗಿದವು. ಮರುದಿನ ವರ್ಕ್‌ಶಾಪೊಂದರಲ್ಲಿ ಸ್ಕ್ಯಾನರು ಜೋಡಿಸಿ ನೋಡಿದವರು ‘ಯು 0140’ ಎಂಬ ಸಂಕೇತವನ್ನು ಓದಿ, ಬಾಡಿ ಕಂಟ್ರೋಲ್ ಮಾಡ್ಯೂಲನ್ನೇ ಬದಲಿಸಬೇಕೆಂದರು. ಬೆಲೆ ಕೇಳಿದ ನಾನು ಒಂದು ದಿನದ ಅವಕಾಶ ಬೇಡಿದೆ.

ಹಿಂದೆ ಸ್ವಿಚ್ಚು ಒತ್ತಿದರೆ ವಿದ್ಯುತ್ತು ನೇರವಾಗಿ ದೀಪಕ್ಕೆ ಹರಿಯುತ್ತಿತ್ತು. ಈಗ ಸ್ವಿಚ್ಚು ಕೇವಲ ಅರಿಕೆ ಮಾಡಿಕೊಳ್ಳುತ್ತದೆ. ಅದನ್ನು ನಡೆಸಿಕೊಡುವುದು ಈ ಪುಟ್ಟ ಗಣಕ. ವಾಹನದ ಗಣಕಗಳು ತಮ್ಮೊಳಗೆ ಸಂಭಾಷಿಸುವುದು ಹೆಣೆದ ಎರಡು ತಂತಿಗಳ ಮೂಲಕ. ‘ಕ್ಯಾನ್’ ಎಂಬ ಈ ಪದ್ಧತಿಯನ್ನು ಜರ್ಮನಿಯ ಬಾಷ್ ಸಂಸ್ಥೆ 1986ರಲ್ಲಿ ಪ್ರಕಟಿಸಿತು.

ಸಂಕೇತದ ಮೊದಲ ಅಕ್ಷರವೇ ದಿಕ್ಕು ತೋರುತ್ತದೆ. ‘ಪಿ’ ಎಂದರೆ ಎಂಜಿನ್ ಮತ್ತು ಗೇರುಗಳ ವಿಭಾಗ, ‘ಸಿ’ ಚಾಸಿ, ‘ಬಿ’ ಬಾಡಿ, ‘ಯು’ ಗಣಕಗಳ ಪರಸ್ಪರ ಸಂಭಾಷಣೆ. ‘ಯು 0140’ರ ಅರ್ಥ, ಬಾಡಿ ಗಣಕದ ದನಿ ಉಳಿದವಕ್ಕೆ ಕೇಳಿಸಲಿಲ್ಲ ಎಂದಷ್ಟೇ. ದನಿ ಕೇಳಿಸದ ಮಾತ್ರಕ್ಕೆ ಆಡುವವನು ಸತ್ತನೆಂದು ತೀರ್ಮಾನಿಸಬಹುದೇ? ನಮ್ಮ ವೈದ್ಯರು ಲಕ್ಷಣ ಬೇರೆ, ನಿದಾನ ಬೇರೆ ಎಂದು ಬಲ್ಲವರು. ಸಂಕೇತವೂ ಲಕ್ಷಣವೇ.

ಆದ್ದರಿಂದ ಪರೀಕ್ಷೆಗೆ ಒಂದು ಕ್ರಮವಿದೆ. ಮೊದಲು ಸಂಕೇತಗಳನ್ನೆಲ್ಲ ಬರೆದಿಟ್ಟುಕೊಂಡು ಅಳಿಸಬೇಕು. ಮರಳಿ ಬಂದದ್ದೇ ಈಗಿನ ದೋಷ. ವಿಶ್ರಾಂತ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ 14ರ ಆಸುಪಾಸು ಇರಬೇಕು. ಬಳಿಕ ಫ್ಯೂಸುಗಳು. ಅನಂತರ ಅರ್ತಿಂಗ್: ದೀಪ ಉರಿಯುತ್ತಿರುವಾಗ ಬ್ಯಾಟರಿಯ ಋಣಧ್ರುವಕ್ಕೂ ಗಣಕದ ಅರ್ತಿಂಗ್ ಬೋಲ್ಟಿಗೂ ನಡುವೆ 0.2 ವೋಲ್ಟಿಗಿಂತ ಹೆಚ್ಚು ಕಂಡರೆ ಅಲ್ಲಿ ತಡೆಯಿದೆಯೆಂದು ತಿಳಿಯಬೇಕು. ಕೊನೆಗೆ, ಬ್ಯಾಟರಿ ಕಳಚಿ, ಆ ಎರಡು ತಂತಿಗಳ ನಡುವೆ ಅಳೆದರೆ ಸಾಮಾನ್ಯವಾಗಿ 60 ಓಮ್ ಸಿಗಬೇಕು. ಎರಡು ತುದಿಗಳಲ್ಲೂ 120 ಓಮಿನ ರೋಧಕಗಳಿರುತ್ತವೆ. 120 ಬಂದರೆ ಒಂದು ತುದಿಯ ಸಂಪರ್ಕ ಕಡಿದಿದೆ. ಇಷ್ಟೂ ಸರಿಯಿದ್ದರೆ ಮಾತ್ರ ಗಣಕದ ಮೇಲೆ ಸಂಶಯ. ಏರ್‌ಬ್ಯಾಗಿನ ತಂತಿಗಳನ್ನಂತೂ ತರಬೇತಿಯಿಲ್ಲದವರು ಮುಟ್ಟಲೇಬಾರದು.

ನನ್ನ ಕಾರಿನಲ್ಲಿ ದೋಷ ಸಿಕ್ಕಿದ್ದು ನಾಲ್ಕನೆಯ ಮೆಟ್ಟಿಲಲ್ಲಿ. ತಿಂಗಳುಗಟ್ಟಲೆ ತೇವ ಆರದ ನಮ್ಮ ಸೀಮೆಯಲ್ಲಿ ಬೋಲ್ಟಿನ ಬುಡಕ್ಕೆ ತುಕ್ಕು ಹಿಡಿದಿತ್ತು. ಉಜ್ಜಿ, ಬಿಗಿದು, ಗ್ರೀಸು ಸವರಿದ್ದಾಯಿತು, ಸಂಕೇತ ಮರಳಲಿಲ್ಲ. ಬೆಲೆಬಾಳುವ ಗಣಕವನ್ನೇ ಬದಲಿಸಿದ್ದರೂ ಆ ತುಕ್ಕು ಅಲ್ಲಿಯೇ ಉಳಿಯುತ್ತಿತ್ತು. ಇನ್ನೊಂದು ಮಳೆಯ ರಾತ್ರಿ, ಇನ್ನೊಂದು ತಿರುವಿನಲ್ಲಿ, ದೀಪ ಮತ್ತೆ ಕೈಕೊಡುತ್ತಿತ್ತು.

ಯಂತ್ರ ಸುಳ್ಳಾಡುವುದಿಲ್ಲ, ತನಗೆ ತಿಳಿದಷ್ಟನ್ನೇ ಆಡುತ್ತದೆ. ಉಳಿದುದನ್ನು ಹುಡುಕಬೇಕಾದವರು ನಾವು.