ಮಾಯ್ದು ಮರಳುವ ಹುಣ್ಣು

ಕಾರವಾರ-ಅಂಕೋಲೆಗಳ ಕರಾವಳಿಯಲ್ಲಿ ಗುಪ್ತಾಂಗದಲ್ಲಿ ಉರಿಯೋ ಹುಣ್ಣೋ ಕಾಣಿಸಿಕೊಂಡಾಗ ಅದಕ್ಕೆ ಮೊದಲು ದೊರೆಯುವ ಹೆಸರು ‘ಉಷ್ಣ’. ಬೈತಖೋಲದ ಬಂದರಿನಲ್ಲಿ ದೋಣಿಯಿಂದಿಳಿದ ಮೀನುಗಾರನಾಗಲಿ, ಗಂಗಾವಳಿಯ ದಂಡೆಯಲ್ಲಿ ನಟ್ಟಿ ಮಾಡಿ ಬಂದ ಹೆಂಗಸಾಗಲಿ ಬಿಸಿಲನ್ನೂ ಬೆವರನ್ನೂ ಒದ್ದೆ ಬಟ್ಟೆಯನ್ನೂ ದೂರಿ, ಎಳನೀರನ್ನೋ ಮುರುಗಲ ಪಾನಕವನ್ನೋ ಕುಡಿದು, ಎಂಟು ಹತ್ತು ದಿನಗಳಲ್ಲಿ ಹುಣ್ಣು ಮಾಯಲಾಗಿ ಅದರ ಕೀರ್ತಿಯನ್ನು ಪಾನಕಕ್ಕೆ ಸಲ್ಲಿಸುವುದುಂಟು. ಹುಣ್ಣು ಮಾಯ್ದದ್ದು ನಿಜ. ಆದರೆ ಅದು ಜನನಾಂಗದ ಹರ್ಪಿಸ್ ಆಗಿದ್ದಲ್ಲಿ ಪಾನಕವಿಲ್ಲದೆಯೂ ಮಾಯುತ್ತಿತ್ತು, ಕುಡಿದರೂ ಮರಳಿ ಬರುತ್ತಿತ್ತು.

ಈ ವ್ಯಾಧಿಗೆ ಕಾರಣವಾದ ಹರ್ಪಿಸ್ ಸಿಂಪ್ಲೆಕ್ಸ್ ವೈರಾಣುವಿನಲ್ಲಿ ಎರಡು ಪ್ರಭೇದಗಳುಂಟು. ಜ್ವರ ಬಂದಾಗ ತುಟಿಯಂಚಿನಲ್ಲಿ ಗುಳ್ಳೆ ಎಬ್ಬಿಸುವುದು ಸಾಮಾನ್ಯವಾಗಿ ಮೊದಲನೆಯದು, ಜನನಾಂಗವನ್ನು ಆಶ್ರಯಿಸುವುದು ಹೆಚ್ಚಾಗಿ ಎರಡನೆಯದು. ಆದರೆ ಮುಖಮೈಥುನದಿಂದ ಮೊದಲನೆಯದೂ ಅಲ್ಲಿಗೆ ಇಳಿಯಬಲ್ಲುದು. (ಸರ್ಪಸುತ್ತಿನ ವೈರಾಣು ಇದೇ ಕುಲದ ಬೇರೊಂದು ಕುಡಿ; ರೋಗ ಮಾತ್ರ ಬೇರೆಯೇ.) ಚರ್ಮದ ಸೂಕ್ಷ್ಮ ಬಿರುಕಿನಿಂದ ಒಳಸೇರಿದ ವೈರಾಣು ಅಲ್ಲಿನ ಜೀವಕೋಶಗಳಲ್ಲಿ ವೃದ್ಧಿಗೊಂಡು, ನರತಂತುವಿನ ಒಳಗೇ ಮೇಲಕ್ಕೆ ಪಯಣಿಸಿ, ಬೆನ್ನೆಲುಬಿನ ಬುಡದ ನರಗಂಟುಗಳನ್ನು ಸೇರಿ, ಆಜೀವಪರ್ಯಂತ ಅಲ್ಲಿಯೇ ಸುಪ್ತವಾಗಿರುತ್ತದೆ. ಜ್ವರ, ಬಳಲಿಕೆ, ಮನೋವ್ಯಥೆ, ಮುಟ್ಟು ಇಂಥ ಯಾವುದೋ ನಿಮಿತ್ತದಿಂದ ಎಚ್ಚೆತ್ತಾಗ ಬಂದ ನರದ ಹಾದಿಯಲ್ಲಿಯೇ ಕೆಳಗಿಳಿಯುವುದರಿಂದ, ಹುಣ್ಣು ಹಿಂದೆ ಎದ್ದ ತಾಣದಲ್ಲಿ ಅಥವಾ ಅದರ ಆಸುಪಾಸಿನಲ್ಲಿ ಮತ್ತೆ ಏಳುತ್ತದೆ.

ಲಕ್ಷಣಗಳು ಪ್ರಕಟವಾಗುವುದಾದರೆ, ಸೋಂಕು ತಗುಲಿದ 2ರಿಂದ 12 ದಿನಗಳೊಳಗೆ ಆ ಭಾಗದಲ್ಲಿ ಜುಮುಗುಟ್ಟುವಿಕೆಯೂ ಉರಿಯೂ, ಕೆಲವೊಮ್ಮೆ ತೊಡೆ ಪೃಷ್ಠಗಳವರೆಗೆ ಹರಿಯುವ ಸೆಳೆತವೂ ತೋರಿ, ಅನಂತರ ಕೆಂಪೇರಿದ ಚರ್ಮದ ಮೇಲೆ ಸಾಸಿವೆ ಗಾತ್ರದ ನೀರುಗುಳ್ಳೆಗಳು ಗುಂಪಾಗಿ ಏಳುತ್ತವೆ. ಅವು ಒಡೆದು, ಮುಟ್ಟಿದರೆ ಜೀವ ಹೋಗುವಂತೆ ನೋಯುವ ಆಳವಿಲ್ಲದ ಹುಣ್ಣುಗಳಾಗಿ, ಒಂದರೊಡನೊಂದು ಕೂಡಿಕೊಂಡು, ಕಡೆಗೆ ಹಕ್ಕಳೆಗಟ್ಟುತ್ತವೆ. ಮೊದಲ ಸಲ ಜ್ವರ, ತಲೆನೋವು, ತೊಡೆಸಂದಿಯ ಗಡ್ಡೆ, ಉರಿಮೂತ್ರಗಳೂ ಜೊತೆಗೂಡಿ, ಪೂರ್ತಿ ಗುಣವಾಗಲು 2ರಿಂದ 4 ವಾರ ಬೇಕಾದೀತು. ಮರುಕಳಿಕೆಗಳು ಮಾತ್ರ ಹೆಚ್ಚು ಸೌಮ್ಯ, ಅಲ್ಪಕಾಲಿಕ.

ಹೀಗೆ ಪಾಠದಂತೆ ಕಾಣಿಸಿಕೊಳ್ಳುವ ರೋಗಿಗಳೇ ಕಡಿಮೆ. ಅನೇಕರಿಗೆ ಒಂದು ಗೀರು, ಒಂದಿಷ್ಟು ನವೆ, ಅಥವಾ ಏನೂ ಇಲ್ಲ. ಸ್ತ್ರೀಯರಲ್ಲಿ ಹುಣ್ಣು ಗರ್ಭಕಂಠದಲ್ಲಿದ್ದರೆ ಕಣ್ಣಿಗೆ ಬೀಳುವುದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಅಂದಾಜಿನಂತೆ ಎರಡನೆಯ ಪ್ರಭೇದವನ್ನು ಹೊತ್ತ, 15ರಿಂದ 49 ವಯಸ್ಸಿನ ಸುಮಾರು 52 ಕೋಟಿ ಜನರಲ್ಲಿ ಬಹುಪಾಲಿನವರು ಅದನ್ನು ಅರಿಯರು. ಹುಣ್ಣಿಲ್ಲದ ದಿನಗಳಲ್ಲಿಯೂ ವೈರಾಣು ಚರ್ಮದಿಂದ ಹೊರಬೀಳಬಲ್ಲುದು, ಮೊದಲ ಗುಳ್ಳೆ ಸೋಂಕಿನ ಎಷ್ಟೋ ವರ್ಷಗಳ ಮೇಲೆ ಏಳಬಹುದು. ಆದಕಾರಣ ಗುಳ್ಳೆಯೊಂದನ್ನು ಸಾಕ್ಷಿಯಾಗಿ ನಿಲ್ಲಿಸಿ ಗಂಡನನ್ನೋ ಹೆಂಡತಿಯನ್ನೋ ವಿಚಾರಣೆಗೆ ಎಳೆಯುವ ಮನೆಗಳು ಸ್ವಲ್ಪ ತಾಳುವುದು ಲೇಸು.

ಗುಪ್ತಾಂಗದ ಹುಣ್ಣೆಲ್ಲವೂ ಹರ್ಪಿಸ್ ಅಲ್ಲ. ನೋವಿಲ್ಲದ, ಒಂಟಿಯಾದ, ಗಟ್ಟಿ ಅಂಚಿನ ಹುಣ್ಣಿಗೆ ಸಿಫಿಲಿಸ್ ಎಂಬ ಇನ್ನೊಂದು ಲೈಂಗಿಕ ರೋಗವನ್ನು ಶಂಕಿಸಬೇಕು. ನೋಯದೆಂಬ ಕಾರಣಕ್ಕೇ ಅದನ್ನು ಅಲಕ್ಷಿಸುವವರು ಹೆಚ್ಚು. ಕಣ್ಣಂದಾಜು ಈ ಎರಡೂ ರೋಗಗಳಲ್ಲಿ ತಪ್ಪಬಹುದಾದ್ದರಿಂದ, ಹುಣ್ಣು ಹಸಿಯಾಗಿರುವಾಗಲೇ ವೈದ್ಯರಿಗೆ ತೋರಿಸಿ ಅದರ ದ್ರವದ ಪರೀಕ್ಷೆಯನ್ನೂ ರಕ್ತಪರೀಕ್ಷೆಯನ್ನೂ ಮಾಡಿಸಬೇಕು. ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಊರುಗಳಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಅದಕ್ಕೆಂದೇ ಸರ್ಕಾರದ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ‘ಸುರಕ್ಷಾ ಕ್ಲಿನಿಕ್’ಗಳಲ್ಲಿ ಗುಟ್ಟು ಕಾಯುವ ಏರ್ಪಾಡಿದ್ದು, ಔಷಧಗಳನ್ನು ಬಣ್ಣದಿಂದ ಗುರುತಿಸಿದ ಕಿಟ್‌ಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಹರ್ಪಿಸಿನದು ಕೆಂಪು ಕಿಟ್. ಅದರೊಳಗಿನ ಅಸೈಕ್ಲೋವಿರ್ ಮಾತ್ರೆ ವೈರಾಣುವಿನ ವೃದ್ಧಿಯನ್ನು ತಡೆದು ಹುಣ್ಣಿನ ಅವಧಿಯನ್ನು ತಗ್ಗಿಸುವುದೇ ಹೊರತು ನರಗಂಟಿನಲ್ಲಿ ಮಲಗಿದುದನ್ನು ಅಟ್ಟಲಾರದು. ಗರ್ಭಿಣಿಯರಂತೂ ಹಿಂದೆಂದೋ ಬಂದು ಹೋದ ಗುಳ್ಳೆಯನ್ನೂ ವೈದ್ಯರಿಗೆ ಹೇಳತಕ್ಕದ್ದು. ಪ್ರಸವದ ವೇಳೆ ಹುಣ್ಣಿದ್ದಲ್ಲಿ, ಶಿಶುವಿಗೆ ಪ್ರಾಣಾಂತಿಕವಾಗಬಲ್ಲ ಸೋಂಕನ್ನು ತಪ್ಪಿಸಲು, ಶಸ್ತ್ರಕ್ರಿಯೆಯಿಂದ ಹೆರಿಗೆ ಮಾಡಿಸುತ್ತಾರೆ.