ಮನೆಯ ಸರ್ವರ್‌ಗೆ ವಿಳಾಸ ಎಲ್ಲಿದೆ?

ಮಾಟುಂಗದ ಮೈಸೂರು ಅಸೋಸಿಯೇಷನ್ನಿನ ‘ನೇಸರು’, ಬಿಲ್ಲವರ ಅಸೋಸಿಯೇಷನ್ನಿನ ‘ಅಕ್ಷಯ’ದಂಥ ಮಾಸಪತ್ರಿಕೆಗಳನ್ನು ಮುಂಬೈಯ ಕನ್ನಡ ಸಂಘಗಳು ವರ್ಷಗಳಿಂದ ಹೊರತಂದಿವೆ. ಹಳೆಯ ಸಂಚಿಕೆಗಳು, ನಾಟಕದ ಫೋಟೊಗಳು, ಯಕ್ಷಗಾನದ ಕ್ಯಾಸೆಟ್ಟುಗಳು ಮಳೆಗಾಲದ ತೇವಕ್ಕೆ ಹಾಳಾಗುವ ಮೊದಲು ಜಾಲತಾಣಕ್ಕೆ ಏರಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಏರಿಸುವುದು ಎಲ್ಲಿಗೆ? ಡೊಂಬಿವಲಿಯ ಒಂದು ಸಣ್ಣ ಸಂಘವನ್ನೇ ಎಣಿಸಿಕೊಳ್ಳಿ. ಹೋಸ್ಟಿಂಗ್ ಕಂಪನಿಗೆ ವರ್ಷಾವರ್ಷ ದುಡ್ಡು ಕಟ್ಟಬೇಕೋ, ಕಾರ್ಯದರ್ಶಿಯ ಮನೆಯಲ್ಲೇ ಒಂದು ಕಂಪ್ಯೂಟರ್ ಇಟ್ಟು ತಾವೇ ನಡೆಸಬೇಕೋ?

ಸರ್ವರ್ ಎಂದರೆ ವಿಶೇಷ ಯಂತ್ರವೇನಲ್ಲ. ಕೇಳಿದವರಿಗೆ ಪುಟ ಕಳಿಸುವ ತಂತ್ರಾಂಶ ಹಗಲೂ ರಾತ್ರಿ ಎಚ್ಚರವಾಗಿದ್ದರೆ ಯಾವ ಕಂಪ್ಯೂಟರಾದರೂ ಸರ್ವರೇ. 1990ರ ಕೊನೆಯಲ್ಲಿ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ನಡೆಸಿದ ಜಗತ್ತಿನ ಮೊದಲ ವೆಬ್ ಸರ್ವರ್, ಅವರು ಕೆಲಸಕ್ಕೆ ಬಳಸುತ್ತಿದ್ದ ನೆಕ್ಸ್ಟ್ ಕಂಪ್ಯೂಟರೇ. ಯಾರೂ ಆರಿಸದಿರಲೆಂದು ಅದರ ಮೇಲೆ ಕೈಬರಹದ ಚೀಟಿ ಅಂಟಿಸಿದ್ದರು. ಇಂದು ಅಂಗೈಯಗಲದ ರಾಸ್ಪ್‌ಬೆರಿ ಪೈ ಸಾಕು. ಅದು ಸುಮಾರು 5 ವಾಟ್ ಎಳೆದರೆ ವರ್ಷಕ್ಕೆ 44 ಯೂನಿಟ್. ಯೂನಿಟ್ಟಿಗೆ 10 ರೂಪಾಯಿ ಎಂದು ಹಿಡಿದರೂ 440 ರೂಪಾಯಿ. ಬಿಟ್ಟಿ ಸಿಕ್ಕಿತೆಂದು 80 ವಾಟಿನ ಹಳೆಯ ಡೆಸ್ಕ್‌ಟಾಪ್ ಇಟ್ಟರೆ ಮಾತ್ರ ವರ್ಷಕ್ಕೆ 700 ಯೂನಿಟ್, ಏಳು ಸಾವಿರ ರೂಪಾಯಿ. ಇಷ್ಟು ಹಣಕ್ಕೆ ಸಣ್ಣ ತಾಣಕ್ಕೆ ಒಳ್ಳೆಯ ಹೋಸ್ಟಿಂಗೇ ಸಿಗುತ್ತದೆ.

ವೇಗದ ಚಿಂತೆಯೂ ಬೇಡ. ಕಳಿಸಲಿಕ್ಕೂ 100 ಎಂಬಿಪಿಎಸ್ ಕೊಡುವ ಫೈಬರ್ ಸಂಪರ್ಕ ಸೆಕೆಂಡಿಗೆ 12 ಮೆಗಾಬೈಟ್ ಸಾಗಿಸುತ್ತದೆ. ಎರಡು ಮೆಗಾಬೈಟಿನ ಪುಟವನ್ನು ಸೆಕೆಂಡಿಗೆ ಆರು ಜನರಿಗೆ ಕೊಡಬಹುದು. ಸಂಘದ ತಾಣಕ್ಕೆ ಇದು ಧಾರಾಳವಾಯಿತು.

ತೊಡಕು ಇರುವುದು ವಿಳಾಸದಲ್ಲಿ. ಇಂಟರ್ನೆಟ್ಟಿನ ಹಳೆಯ ವಿಳಾಸ ಪದ್ಧತಿ, ಐಪಿವಿ4, ಒಟ್ಟು ಸುಮಾರು 430 ಕೋಟಿ ಸಂಖ್ಯೆಗಳನ್ನಷ್ಟೇ ಕೊಡಬಲ್ಲದು. 1986ರಲ್ಲಿ ಜುಹೂವಿನ ಎನ್‌ಸಿಎಸ್‌ಟಿ ಸಂಸ್ಥೆಗೂ ಪೊವಾಯಿಯ ಐಐಟಿಗೂ ನಡುವೆ ಫೋನ್ ಲೈನಿನಲ್ಲಿ ಇ-ಮೇಲ್ ಓಡಾಡತೊಡಗಿದಾಗ, 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆದಾಗ, ಬಳಸುವವರು ಕಡಿಮೆ, ವಿಳಾಸಗಳು ಧಾರಾಳ. 2011ರ ಏಪ್ರಿಲ್ ಹೊತ್ತಿಗೆ ಏಷ್ಯಾ–ಪೆಸಿಫಿಕ್ ವಲಯಕ್ಕೆ ವಿಳಾಸ ಹಂಚುವ ಎಪಿನಿಕ್ ತನ್ನ ಕೊನೆಯ ಗಂಟಿಗೆ ಕೈಹಾಕಬೇಕಾಯಿತು. ನಮ್ಮ ಕೋಟ್ಯಂತರ ಮೊಬೈಲುಗಳು ಇಂಟರ್ನೆಟ್ಟಿಗೆ ಬಂದದ್ದು ಅದರ ನಂತರ.

ಹಾಗಾಗಿ ಅನೇಕ ಇಂಟರ್ನೆಟ್ ಕಂಪನಿಗಳು ನೂರಾರು ಮನೆಗಳಿಗೆ ಒಂದೇ ಸಾರ್ವಜನಿಕ ವಿಳಾಸ ಹಂಚುತ್ತವೆ. ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. ಹೌಸಿಂಗ್ ಸೊಸೈಟಿಯ ಗೇಟಿನಂತೆ ಇದರ ಕೆಲಸ: ಒಳಗಿನವರು ಹೊರಗೆ ಹೋಗಿ ಬರಲು ಅಡ್ಡಿಯಿಲ್ಲ, ಫ್ಲ್ಯಾಟ್ ನಂಬರು ಹೇಳಲಾರದ ಹೊಸಬನನ್ನು ವಾಚ್‌ಮನ್ ಒಳಗೆ ಬಿಡುವುದಿಲ್ಲ. ತಾಣ ನೋಡಬಂದ ಓದುಗ ಅಂಥ ಹೊಸಬ. ನಿಮ್ಮ ಮನೆ ಇದರ ಹಿಂದಿದೆಯೇ ಎಂದು ತಿಳಿಯುವುದು ಸುಲಭ. ರೂಟರಿನ ಪುಟದಲ್ಲಿ ‘ವ್ಯಾನ್’ ವಿಳಾಸ ನೋಡಿ, ಅದು 100.64ರಿಂದ 100.127ರ ಒಳಗಿನ ಸಂಖ್ಯೆಯಿಂದ ಶುರುವಾಗಿದ್ದರೆ ಗೇಟಿನ ಹಿಂದಿದ್ದೀರಿ ಎಂದೇ ಅರ್ಥ. ಕೆಲವು ಕಂಪನಿಗಳು ಹೆಚ್ಚಿನ ಹಣಕ್ಕೆ ಸ್ಥಿರ ವಿಳಾಸ ಕೊಡುತ್ತವೆ. ಆ ಬಾಡಿಗೆಯನ್ನು ಹೋಸ್ಟಿಂಗ್ ಶುಲ್ಕದ ಪಕ್ಕ ಇಟ್ಟು ನೋಡಿದಾಗಲೇ ನಿಜವಾದ ಲೆಕ್ಕ ತಿಳಿಯುವುದು.

ಹೊಸ ಪದ್ಧತಿಯಾದ ಐಪಿವಿ6ನಲ್ಲಿ ವಿಳಾಸಕ್ಕೆ ಬರವಿಲ್ಲ. ಅದರ ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯಲ್ಲಿದೆ, 2016ರಲ್ಲಿ ಜಿಯೊ ಬಂದ ಮೇಲಂತೂ ವೇಗವಾಗಿ ಬೆಳೆಯಿತು. ಆದರೆ ಹಳೆಯ ಪದ್ಧತಿಯಲ್ಲೇ ಉಳಿದಿರುವ ಕಚೇರಿ, ಕಾಲೇಜುಗಳಿಂದ ನಿಮ್ಮ ತಾಣ ತೆರೆಯುವುದಿಲ್ಲ. ಮನೆಯ ಸರ್ವರ್ ತಾನಾಗಿ ಹೊರಗಿನ ಒಂದು ಸರ್ವರಿಗೆ ಸಂಪರ್ಕ ಸಾಧಿಸಿ, ಆ ‘ಟನಲ್’ ಮೂಲಕ ಓದುಗರನ್ನು ಬರಮಾಡಿಕೊಳ್ಳುವ ಉಪಾಯವೂ ಇದೆ. ಚೆನ್ನಾಗಿ ಕೆಲಸ ಮಾಡುತ್ತದೆ. ಆದರೂ ಬಾಗಿಲು ಮತ್ತೊಬ್ಬರ ಯಂತ್ರದಲ್ಲಿರುತ್ತದೆ. ಪೂರ್ತಿ ಸ್ವಾವಲಂಬನೆ ಬಯಸಿದವರಿಗೆ ಇದು ಅರ್ಧ ದಾರಿ.

ಇನ್ನು ಕರೆಂಟು. 2020ರ ಅಕ್ಟೋಬರ್ 12ರ ಬೆಳಿಗ್ಗೆ ಹತ್ತರ ಹೊತ್ತಿಗೆ ಇಡೀ ಮುಂಬೈ ಕತ್ತಲಾಯಿತು, ಲೋಕಲ್ ರೈಲುಗಳು ನಿಂತವು. ಹೊರಗಿನ ವಿದ್ಯುತ್ ಜಾಲ ಕುಸಿದಾಗ ನಗರ ಮಾತ್ರ ಪ್ರತ್ಯೇಕವಾಗಿ ಬೆಳಗುವಂತೆ ರೂಪಿಸಿದ್ದ ವ್ಯವಸ್ಥೆ ಅಂದು ಕೈಕೊಟ್ಟಿತ್ತು. ಮನೆಗೊಂದು ಇನ್ವರ್ಟರ್ ಸಾಲದು: ಹಲವು ಕಟ್ಟಡಗಳಲ್ಲಿ ಕೇಬಲ್‌ನವರ ಸ್ವಿಚ್ ಟೆರೇಸಿನಲ್ಲೋ ಮೆಟ್ಟಿಲ ಬದಿಯಲ್ಲೋ ಇರುತ್ತದೆ, ಅದಕ್ಕೂ ಕರೆಂಟು ಬೇಕು. ಕಟ್ಟಡದಿಂದ ಕಟ್ಟಡಕ್ಕೆ ಎಳೆದ ಫೈಬರಿನ ಮೇಲೆ ಜುಲೈನಲ್ಲಿ ಮರದ ಕೊಂಬೆ ಬಿದ್ದರೆ ಅದು ಬೇರೆ. ಡೇಟಾ ಸೆಂಟರಿನಲ್ಲಿ ಡೀಸೆಲ್ ಜನರೇಟರು, ಎರಡೆರಡು ದಾರಿಯಿಂದ ಬರುವ ಫೈಬರು, ರಾತ್ರಿ ಪಾಳಿಯ ಜನ ಎಲ್ಲ ಇರುತ್ತಾರೆ. ಹೋಸ್ಟಿಂಗ್‌ಗೆ ಕೊಡುವ ಹಣದ ಬಹುಪಾಲು ಇದಕ್ಕೇ, ಜಾಗಕ್ಕಲ್ಲ ಎಂದು ನಾನು ತಿಳಿಯುತ್ತೇನೆ.

ಹೋಸ್ಟಿಂಗ್ ಮುಂಬೈಗೆ ಹೊಸ ಕಸುಬಲ್ಲ. ಭಾವಿನ್ ಮತ್ತು ದಿವ್ಯಾಂಕ್ ತುರಖಿಯಾ ಎಂಬ ಸಹೋದರರು ಹರೆಯದಲ್ಲೇ, 1998ರಲ್ಲಿ, ಇಲ್ಲಿ ಕಟ್ಟಿದ ಡೈರೆಕ್ಟಿ ಕಂಪನಿ ಆ ವ್ಯವಹಾರದಿಂದಲೇ ಬೆಳೆಯಿತು. ವರ್ಸೋವಾ ಕರಾವಳಿಯಲ್ಲಿ ಸಮುದ್ರದಡಿಯ ಕೇಬಲುಗಳು ದಡ ಸೇರುತ್ತವೆ. ಅಮೆಜಾನ್ 2016ರಲ್ಲಿ, ಗೂಗಲ್ 2017ರಲ್ಲಿ ತಮ್ಮ ಕ್ಲೌಡ್ ಕೇಂದ್ರಗಳನ್ನು ಮುಂಬೈಗೆ ತಂದವು. 2020ರಲ್ಲಿ ಪನ್ವೇಲಿನಲ್ಲಿ ಯೋಟ್ಟಾದ ದೊಡ್ಡ ಡೇಟಾ ಸೆಂಟರ್ ತೆರೆಯಿತು. ಹೀಗಿರುವಾಗ ಅಗ್ಗವೆಂದು ಅಮೆರಿಕದ ಸರ್ವರಿನಲ್ಲಿ ತಾಣ ಇಡುವುದು ತಪ್ಪು. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ನ್ಯೂಯಾರ್ಕ್ 12,500 ಕಿಲೋಮೀಟರ್ ದೂರ; ಹೋಗಿಬರಲು ಕನಿಷ್ಠ 125 ಮಿಲಿಸೆಕೆಂಡ್. ಒಂದು ಪುಟ ತೆರೆಯಲು ಇಂಥ ಹಲವು ಓಡಾಟ ಬೇಕು. ಮುಂಬೈಯಿಂದ ಮಂಗಳೂರಿಗಾದರೆ ಹತ್ತಿಪ್ಪತ್ತು ಮಿಲಿಸೆಕೆಂಡಿನ ಮಾತು.

ಆದ್ದರಿಂದ ಎಲ್ಲರಿಗೂ ತೆರೆದ ತಾಣ ಹೋಸ್ಟಿಂಗಿನಲ್ಲೇ ಇರಲಿ, ಡೊಮೈನ್ ಹೆಸರು ಮಾತ್ರ ಸಂಘದ ಹೆಸರಿನಲ್ಲೇ ನೋಂದಣಿಯಾಗಲಿ. ಉತ್ಸಾಹಿ ಯುವಕನೊಬ್ಬನ ಹೆಸರಿನಲ್ಲಿದ್ದರೆ, ಆತ ಕೆಲಸಕ್ಕೆಂದು ಬೇರೆ ಊರಿಗೆ ಹೋಗಿ ನವೀಕರಣ ತಪ್ಪಿದ ವರ್ಷ ತಾಣವೇ ಇಲ್ಲವಾಗುತ್ತದೆ.

ಮನೆಯ ಸರ್ವರಿಗೆ ಬೇರೆ ಕೆಲಸವಿದೆ. ಸ್ಕ್ಯಾನ್ ಮಾಡಿದ ಮೂಲ ಪುಟಗಳು, ಧ್ವನಿಮುದ್ರಣಗಳು ನೂರಾರು ಗಿಗಾಬೈಟ್ ಆದಾಗ ಅವನ್ನು ಬಾಡಿಗೆ ಜಾಗದಲ್ಲಿಡುವುದು ದುಬಾರಿ. ಪೈಗೆ ಎರಡು ಡಿಸ್ಕ್ ಜೋಡಿಸಿ ಇಡುವುದು ಒಂದೇ ಸಲದ ಖರ್ಚು. ಮೆಮೊರಿ ಕಾರ್ಡಿನ ಮೇಲೆ ಭಾರ ಹಾಕಬೇಡಿ, ಪದೇಪದೇ ಬರೆದಂತೆ ಅದರ ಕೋಶಗಳು ಸವೆಯುತ್ತವೆ. ಅದೇ ಪೈ ಸಂಘದ ಸಭಾಂಗಣದ ವೈಫೈನಲ್ಲಿ, ಇಂಟರ್ನೆಟ್ಟಿನ ಹಂಗಿಲ್ಲದೆ, ಇಡೀ ಸಂಗ್ರಹವನ್ನು ಸದಸ್ಯರ ಮೊಬೈಲಿಗೆ ತೋರಿಸಬಲ್ಲದು. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಜನಸ್ತು ಸಂಸ್ಥೆ ಹಳ್ಳಿಗರ ಜೊತೆ ಸೇರಿ ವೈಫೈ ಜಾಲ ಕಟ್ಟಿ, ಊರಿನವರದೇ ದನಿಯ ಕಾರ್ಯಕ್ರಮಗಳನ್ನು ಊರೊಳಗೇ ಕೇಳಿಸುವ ಪ್ರಯೋಗ ನಡೆಸಿದೆ. ಅಲ್ಲಿ ಕೇಳುಗರು ಮತ್ತು ಸರ್ವರ್ ಒಂದೇ ಜಾಲದೊಳಗಿರುವುದರಿಂದ ಸಾರ್ವಜನಿಕ ವಿಳಾಸದ ಅಗತ್ಯವೇ ಬೀಳುವುದಿಲ್ಲ.